ಜಗಲಿಯ ಮೇಲೆ ಮಿಷನ್ನು, ಒಳಗೆ ಬಟ್ಟೆ

ನನ್ನ ಮೇಜಿನ ಮೇಲೆ ಗುಂಡುಸೂಜಿ ಚುಚ್ಚಿಡುವ ಒಂದು ಮೆತ್ತೆ ಇದೆ. ಅಂಗೈಯಗಲ. ಮೇಲೆ ಕಡುನೀಲಿ ಸೂಟಿಂಗ್ ಬಟ್ಟೆ, ಒಳಗೆ ಥರ್ಮಾಕೋಲು. ಸೂಜಿ ಚುಚ್ಚಿದಾಗ ಕಿರ್ರ್ ಎನ್ನುತ್ತದೆ. ಅದರ ಹೊಲಿಗೆ ಒಂದು ಮೂಲೆಯಿಂದ ಹೊರಟು ಇನ್ನೊಂದು ಮೂಲೆ ಸೇರುವಷ್ಟರಲ್ಲಿ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಮಾತಾಡಿಸಿಕೊಂಡು ಬಂದಂತಿದೆ. ಮೊನ್ನೆ ನಮ್ಮ ಕಾಲೇಜಿನ ಕನ್ನಡ ಅಧ್ಯಾಪಕಿ ಸುಜಾತ ಅದನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ, "ಅಲ್ರೀ ಮೇಡಂ, ಟೈಲರ್ ಮಗಳು ಅಂತ ಹೇಳ್ಕೋತೀರ. ಇದೇನ್ರೀ ಈ ಹೊಲಿಗೆ? ಯಾರು ಹೊಲಿದಿದ್ದು?" ಎಂದರು. ನಾನು ಉತ್ತರ ಕೊಟ್ಟೆ. ಏನು ಕೊಟ್ಟೆನೆಂದು ಈಗಲೇ ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ. ಸ್ವಲ್ಪ ಸುತ್ತಿಕೊಂಡು ಬರಬೇಕು.

ನಾನು ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಈಚೆಗೆ ಪ್ರಾಂಶುಪಾಲರು ಕರೆದು, "ಮೇಡಂ, ಮಕ್ಕಳ ಮುಂದೆ ಅರ್ಧ ಗಂಟೆ ಮಾತಾಡ್ಬೇಕು. ಹೊರಗಿಂದ ಬಂದು ನಮ್ಮ ಜಿಲ್ಲೇಲಿ ನೆಲೆ ನಿಂತ ಎರಡು ಸಮುದಾಯ ತಗೊಳ್ಳಿ. ಯಾರು ಚೆನ್ನಾಗಿದಾರೆ, ಯಾರು ಇಲ್ಲ, ಯಾಕೆ. ಅಷ್ಟೇ. ಸಿಂಪಲ್ಲಾಗಿರ್ಲಿ" ಎಂದರು. ನನಗೆ ಸಂತೋಷವೇ ಆಯಿತು. ಹುಡುಕಿಕೊಂಡು ಹೋಗುವ ಕೆಲಸವೇ ಇರಲಿಲ್ಲ. ಒಂದು ಸಮುದಾಯ ನಮ್ಮದು, ಮನೆಯಲ್ಲಿ ಮರಾಠಿ ಆಡುವ ಸಿಂಪಿಗರು, ಅಂದರೆ ಬಟ್ಟೆ ಹೊಲಿಯುವವರು. ಇನ್ನೊಂದು ನಮ್ಮೂರು ಗುಬ್ಬಿಯ ಪೇಟೆಯಲ್ಲಿ ಬಟ್ಟೆ ಮಾರುವ, ರಾಜಸ್ಥಾನದ ಕಡೆಯಿಂದ ಬಂದ ಮನೆತನದವರು. ಗುಬ್ಬಿಯ ಜನ ಅವರಿಗೆಲ್ಲ ಒಟ್ಟಾಗಿ ಇಟ್ಟ ಹೆಸರು ಸೇಟು. ಒಂದೇ ಒಂದು ಅಂಗಡಿಯಲ್ಲಿ ನನಗೆ ಎರಡೂ ಸಮುದಾಯ ಸಿಗುತ್ತಿದ್ದವು. ಪುಖರಾಜ್ ಸೇಟು ಒಳಗೆ ಗಾದಿಯ ಮೇಲೆ ಕೂತು ಬಟ್ಟೆ ಮಾರುತ್ತಿದ್ದರು. ನಮ್ಮಪ್ಪ ಪಾಂಡು ಮಾಸ್ಟರು ಅದೇ ಅಂಗಡಿಯ ಜಗಲಿಯ ಮೇಲೆ ಮಿಷನ್ನು ಇಟ್ಟುಕೊಂಡು ಹೊಲಿಯುತ್ತಿದ್ದರು.

ನಾವು ಹೇಗೆ ಬಂದೆವು ಎನ್ನುವುದಕ್ಕೆ ನಮ್ಮಲ್ಲಿ ಹಲವು ಕಥೆಗಳಿವೆ. ಯಾವುದೋ ಮರಾಠ ಸರದಾರನ ದಂಡಿನ ಜೊತೆ ಡೇರೆ ಹೊಲಿಯಲು ಬಂದೆವು ಎಂದು ನಮ್ಮಜ್ಜ ಹೇಳುತ್ತಿದ್ದರು. ದಂಡು ವಾಪಸು ಹೋಯಿತಂತೆ, ಡೇರೆಯ ಕೆಲಸ ಮುಗಿದಿರಲಿಲ್ಲವಂತೆ. ಕುಣಿಗಲ್ಲಿನ ನಮ್ಮ ಸೋದರತ್ತೆ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ನಾವು ಬಂದದ್ದು ಕುಣಿಗಲ್ಲಿನ ಕುದುರೆಗಳಿಗೆ ಜೀನು ಹೊಲಿಯಲು. ಅತ್ತೆ ಈಗಲೂ ಆ ಊರಿನಲ್ಲಿ ಕುದುರೆ ಎದುರು ಬಂದರೆ ಹಳೆ ಗಿರಾಕಿಯನ್ನು ಕಂಡ ಹಾಗೆ ನೋಡುತ್ತಾರೆ. ಸೇಟು ಮನೆಯ ಕಥೆ ಇಷ್ಟು ಗೊಂದಲದ್ದಲ್ಲ. ಅವರ ತಾತ ಅರಸೀಕೆರೆಗೆ ಟಿಕೆಟ್ ತೆಗೆದಿದ್ದರು. ಗುಬ್ಬಿ ಸ್ಟೇಷನ್ನಿನಲ್ಲಿ ನೀರು ಕುಡಿಯಲು ಇಳಿದರು. ರೈಲು ಹೋಯಿತು. "ನೀರು ಸಿಹಿಯಾಗಿತ್ತಂತೆ, ಅದಕ್ಕೆ ಉಳ್ಕೊಂಡ್ರು" ಎಂದು ಸೇಟು ಹೇಳುತ್ತಾರೆ. ನೀರಿನ ವಿಚಾರದಲ್ಲಿ ಗುಬ್ಬಿಗೆ ಸಿಕ್ಕ ಏಕೈಕ ಪ್ರಶಂಸೆ ಬಹುಶಃ ಇದೇ.

ಕಥೆ ಯಾವುದೇ ಇರಲಿ, ಎರಡು ಮನೆತನಗಳಿಗೂ ಬಂದ ದಾರಿ ಪೂರ್ತಿ ಮುಚ್ಚಿಹೋಗಿದೆ. ನಾನೊಮ್ಮೆ ಪುಣೆಗೆ ಹೋಗಿ, ನಮ್ಮ ಮನೆಯ ಮರಾಠಿಯಲ್ಲಿ ಆಟೋದವನಿಗೆ ದಾರಿ ಕೇಳಿದೆ. ಅವನು ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಉತ್ತರಿಸಿದ. ಸೇಟು ತಮ್ಮ ಪೂರ್ವಿಕರ ಹಳ್ಳಿಗೆ ಮದುವೆಗೆ ಹೋಗಿದ್ದಾಗ ಅಲ್ಲಿನ ಮಕ್ಕಳು "ಮದ್ರಾಸಿ ತಾತ ಬಂದ" ಎಂದು ಹಿಂದೆ ಓಡಿದವಂತೆ. ಸೇಟು ಆಡುವುದು ಅಪ್ಪಟ ಗುಬ್ಬಿಯ ಕನ್ನಡ. ಊಟಕ್ಕೆ ರೊಟ್ಟಿ, ಬೈಯುವುದಕ್ಕೆ ಕನ್ನಡ.

ಅಪ್ಪ ಮತ್ತು ಸೇಟು ನಡುವಿನ ಏರ್ಪಾಡು ಅವರ ಅಪ್ಪಂದಿರ ಕಾಲದ್ದು. ಬಾಡಿಗೆ ಇಲ್ಲ, ಸಂಬಳ ಇಲ್ಲ, ಬಾಯಿಮಾತು ಕೂಡ ಆದಂತಿಲ್ಲ. ಒಳಗೆ ಮೀಟರಿನ ಲೆಕ್ಕದಲ್ಲಿ ಬಟ್ಟೆ ಹರಿಸಿಕೊಂಡವನು ಹೊರಬರುವಾಗ ಜಗಲಿಯ ಮೇಲೆ ಅಳತೆ ಕೊಟ್ಟು ಹೋಗಬೇಕು. ಜಗಲಿಗೆ ಅಳತೆ ಕೊಡಲು ಬಂದವನನ್ನು ಅಪ್ಪ ಕತ್ತು ತಿರುಗಿಸಿ ಒಳಗೆ ಕಳಿಸಬೇಕು. ಸಂಜೆ ಷಟರ್ ಎಳೆಯುವುದು ಇಬ್ಬರೂ ಸೇರಿ. ಆ ಷಟರು ಎಡಗಡೆ ಸಿಕ್ಕಿಹಾಕಿಕೊಳ್ಳುತ್ತದೆ, ಒಬ್ಬರ ಕೈಗೆ ಇಳಿಯುವುದಿಲ್ಲ. ಎಡತುದಿಗೆ ಅಪ್ಪ, ಬಲತುದಿಗೆ ಸೇಟು. ರಿಪೇರಿ ಮಾಡಿಸಬಹುದು ಎಂದು ಇಬ್ಬರಿಗೂ ಎಂದೂ ಹೊಳೆದಿಲ್ಲ.

ಹೊರಗೆ ಇಷ್ಟು ಒಗ್ಗಟ್ಟಿದ್ದರೂ ಮನೆಯೊಳಗೆ ಹೋಲಿಕೆ ತಪ್ಪಿದ್ದಲ್ಲ. ನಾನು ಅರ್ಥಶಾಸ್ತ್ರ ಕಲಿತದ್ದು ನಮ್ಮ ಅಡುಗೆಮನೆಯಲ್ಲಿ. ಅಮ್ಮ ಸೇಟು ಮನೆಯ ಸ್ಥಿತಿಯನ್ನು ಅಳೆಯುತ್ತಿದ್ದದ್ದು ಅವರ ತಾರಸಿಯ ತಂತಿಯಿಂದ. ಅಲ್ಲಿ ಒಣಗುವ ಸೀರೆಗಳಲ್ಲಿ ಹೊಸದಿದ್ದರೆ ಅಮ್ಮನ ಕೈಯ ಸೌಟು ಸ್ವಲ್ಪ ಜೋರಾಗಿ ಪಾತ್ರೆಗೆ ಬಡಿಯುತ್ತಿತ್ತು. "ಅವರಿಗೇನು ಬಿಡು. ಕೂತಲ್ಲೇ ಕಾಸು. ನಿಮ್ಮಪ್ಪ ಕಾಲು ಸವೆಸಬೇಕು." ಸೇಟು ಹೆಂಡತಿ ನಮ್ಮ ಸ್ಥಿತಿಯನ್ನು ಕಿವಿಯಿಂದ ಅಳೆಯುತ್ತಿದ್ದರು. ಅಂಗಡಿಯ ಮೇಲೆಯೇ ಅವರ ಮನೆ. ಮಿಷನ್ನಿನ ಸದ್ದು ಎಷ್ಟು ಹೊತ್ತು ಕೇಳಿಸಿತೋ ಅಷ್ಟು ನಮ್ಮ ಸಂಪತ್ತು. ನಾನು ಆ ಮನೆಗೆ ಆಡಲು ಹೋದಾಗ ಚಪಾತಿಗೆ ತುಪ್ಪ ಸವರುತ್ತಾ ಹೇಳುತ್ತಿದ್ದರು: "ನಿಮಗೇನಮ್ಮ, ಬಂಡವಾಳ ಇಲ್ಲ, ನಷ್ಟ ಇಲ್ಲ. ದಿನಾ ಟಕಟಕಟಕ. ನಾವು ಮಾಲು ತುಂಬ್ಕೊಂಡು ಕಾಯ್ಬೇಕು." ನಾನು ಚಪಾತಿ ತಿಂದು ಬಂದು ಅಮ್ಮನಿಗೆ ಈ ಮಾತನ್ನು ಒಪ್ಪಿಸುತ್ತಿದ್ದೆ. ಅಮ್ಮ ಮುದ್ದೆ ಕಟ್ಟುತ್ತಾ, "ತುಪ್ಪ ಎಷ್ಟು ಹಾಕಿದ್ರು?" ಎಂದಷ್ಟೇ ಕೇಳುತ್ತಿದ್ದಳು. ಎರಡೂ ಕಡೆಯ ಮಾಹಿತಿ ಸಂಗ್ರಹಿಸಿ, ಎರಡೂ ಕಡೆ ಊಟ ಮಾಡುವ ಆ ಕಾಲದ ನನ್ನ ಸಂಶೋಧನಾ ವಿಧಾನಕ್ಕೆ ನಾನು ಮುಂದೆ ಕಲಿತ ಯಾವ ವಿಧಾನವೂ ಸಮವಲ್ಲ.

ಈಗ ಅಮ್ಮ ಇಲ್ಲ. ಪೇಟೆಯಲ್ಲಿ ಸಿದ್ಧ ಉಡುಪಿನ ಅಂಗಡಿಗಳು ಬಂದಿವೆ. ಮದುವೆಯ ಸೂಟು ಮೊಬೈಲಿನಲ್ಲಿ ಒತ್ತಿದರೆ ಮನೆಗೆ ಬರುತ್ತದೆ. ಅಪ್ಪನ ಕಣ್ಣು ಮಂಜಾಗಿ, ಡಾಕ್ಟರು ಇದು ಇನ್ನು ತಿಳಿಯಾಗುವಂಥದ್ದಲ್ಲ ಎಂದುಬಿಟ್ಟಿದ್ದಾರೆ. ಅಪರೂಪಕ್ಕೆ ಬಂದ ಒಂದು ಶಾಲೆಯ ಚಡ್ಡಿ ಹೊಲಿಯುವಾಗ ಸೂಜಿ ಅಪ್ಪನ ತೋರುಬೆರಳಿನ ಉಗುರಿನೊಳಗೆ ಇಳಿದು ಮುರಿಯಿತು. ಮುಂದಿನ ಸಲ ಮೂಳೆಗೆ ಹೋಗುತ್ತದೆ, ಮಿಷನ್ ಮುಂದೆ ಕೂರಬೇಡಿ ಎಂದು ಅದೇ ಡಾಕ್ಟರು ಗದರಿದರು. ಅಪ್ಪ ಬ್ಯಾಂಡೇಜು ಕಟ್ಟಿಸಿಕೊಂಡು ನೇರ ಜಗಲಿಗೆ ಹೋದರು.

ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಮೋಹನ ಫೋನಿನಲ್ಲಿ ಅತ್ತೇ ಬಿಟ್ಟ. "ಅಕ್ಕ, ನಂಗೆ ಸಂಬಳ ಬರ್ತಿದೆ. ಊಟಕ್ಕೇನು ಕಮ್ಮಿ ಇಲ್ಲ. ಬೆರಳು ಕಳ್ಕೊಂಡ್ಮೇಲೆ ಕೂರಿಸ್ಬೇಕಾ? ನೀನೇ ಬಂದು ಎಬ್ಬಿಸು."

ನಾನು ಅಪ್ಪನಿಗೆ ಫೋನು ಮಾಡಿದೆ. ಅಪ್ಪನದು ಒಂದೇ ಮಾತು. "ನಾನು ಎದ್ ಬಂದ್ರೆ ಸೇಟು ಅಂಗ್ಡಿ ಮುಚ್ಚೋಗುತ್ತೆ ಕಣೇ. ಹೊಲಿಯೋರಿಲ್ದ ಅಂಗಡೀಲಿ ಯಾರು ಬಟ್ಟೆ ಹರಿಸ್ತಾರೆ? ಈ ವಯಸ್ಸಲ್ಲಿ ಅವ್ರನ್ನ ಬೀದಿಗೆ ಹಾಕ್ಲಾ?"

ಹೀಗೆ ಪ್ರಾಂಶುಪಾಲರ ಭಾಷಣವನ್ನೂ ಅಪ್ಪನ ಬೆರಳನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡು, ಒಂದು ಶನಿವಾರ ಕ್ಯಾತ್ಸಂದ್ರದಲ್ಲಿ ರೈಲು ಹತ್ತಿ ಗುಬ್ಬಿಯಲ್ಲಿ ಇಳಿದೆ. ಆ ಮಧ್ಯಾಹ್ನ ಕಂಡದ್ದನ್ನು ನೆನೆದರೆ ಈಗಲೂ ಎಲ್ಲ ಹಿಂದುಮುಂದಾಗುತ್ತದೆ. ಅದಕ್ಕೇ ನಡೆದ ಕ್ರಮದಲ್ಲೇ ಹೇಳುತ್ತೇನೆ.

ಅಪ್ಪ ಜಗಲಿಯ ಮೇಲೆ ಮಿಷನ್ನು ತುಳಿಯುತ್ತಿದ್ದರು. ತಲೆಯ ಹಿಂದೆ ಮೊಳೆಗಳಿಗೆ ಹೊಲಿದು ಮುಗಿಸಿದ ಬಟ್ಟೆಗಳು ತೂಗುತ್ತಿದ್ದವು: ಎರಡು ಷರ್ಟು, ಒಂದು ಕಂದು ಸಫಾರಿ. ನನ್ನ ಹೆಜ್ಜೆ ಗುರುತಿಸಿ, "ಬಂದ್ಯಾ? ಒಳಗೆ ಹೋಗು, ಸೇಟು ಇದಾರೆ. ಕೈಲಿ ಅರ್ಜೆಂಟ್ ಕೆಲ್ಸ ಐತೆ" ಎಂದರು. ಅಂಗಡಿಯಲ್ಲಿ ಅಪ್ಪ ಮನೆಮಾತು ಆಡುವುದಿಲ್ಲ. ಗಿರಾಕಿಗೆ ತನ್ನ ಬಗ್ಗೆಯೇ ಏನೋ ಅಂದಂತೆ ಅನುಮಾನ ಬರುತ್ತದಂತೆ. ಆಗ ಅಲ್ಲಿ ಗಿರಾಕಿಗಳು ಇರಲಿಲ್ಲ.

ಒಳಗೆ ಗೋಡೆಯ ಉದ್ದಕ್ಕೂ ಮರದ ಅಟ್ಟಣಿಗೆ. ಕೆಳಗಿನ ಸಾಲುಗಳಲ್ಲಿ ಪಂಚೆ, ಲೈನಿಂಗು, ಶಾಲೆಯ ಯೂನಿಫಾರಂ. ಮೇಲಿನ ಸಾಲುಗಳಲ್ಲಿ, ಮಾಡಿನವರೆಗೆ, ರಟ್ಟಿಗೆ ಸುತ್ತಿದ ಸೂಟಿಂಗಿನ ದಪ್ಪ ದಪ್ಪ ಸುರುಳಿಗಳು. ಅವುಗಳಿಗೆ ಅಂಗಡಿಯ ಮಾತಿನಲ್ಲಿ ಥಾನು ಎನ್ನುತ್ತಾರೆ. ನೀಲಿ, ಬೂದಿ, ಕಪ್ಪು, ಒತ್ತೊತ್ತಾಗಿ ಕೂತಿದ್ದವು. ಇಷ್ಟು ಮಾಲು ಇಟ್ಟುಕೊಂಡವರಿಗೆ ನಮ್ಮಪ್ಪ ದಿಕ್ಕೇ ಎಂದು ನನಗೆ ಒಳಗೊಳಗೇ ನಗು ಬಂತು. ಸಮುದಾಯ ಎರಡು, ಸ್ಥಿತಿ ಉತ್ತಮ ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

"ಸೇಟು, ನೀವೇ ಅಪ್ಪಂಗೆ ಹೇಳ್ಬೇಕು. ನಮ್ಮ ಮಾತು ಕೇಳ್ತಿಲ್ಲ. ಬೆರಳು ನೋಡಿದ್ರಲ್ಲ" ಎಂದೆ.

ಸೇಟು ದನಿ ತಗ್ಗಿಸಿದರು. "ನೋಡಿದೀನಮ್ಮ. ಊಟ ಸೇರ್ಲಿಲ್ಲ ಅವತ್ತು. ಆದ್ರೆ ಏಳಿ ಅಂತ ಹೆಂಗೆ ಹೇಳ್ಲಿ? ತುಮಕೂರಲ್ಲಿ ಟಿವಿ, ಮಿಕ್ಸಿ ಅಂಗ್ಡಿ ಇಟ್ಟಿದಾನಲ್ಲ ನನ್ ಮಗ, ಮುಚ್ಚಪ್ಪ ಸಾಕು, ಮುಚ್ಚಪ್ಪ ಸಾಕು ಅಂತ ದಿನಾ ತಲೆ ತಿಂತಾನೆ. ನಾನು ಮುಚ್ಚಿದ್ರೆ ಮಾಸ್ಟ್ರು ಎಲ್ಲಿ ಕೂತ್ಕೋತಾರೆ? ಅವರ ಅನ್ನ ಇರೋದು ಈ ಜಗಲಿ ಮೇಲೆ. ಕೇಳು, ಈ ವಯಸ್ಸಲ್ಲೂ ಹೆಂಗೆ ತುಳೀತಾವ್ರೆ."

ಇಬ್ಬರೂ ಕೇಳಿದೆವು. ಟಕಟಕಟಕ. ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಬರಿಗೈಲಿ ಏಳಲು ಸಂಕೋಚವಾಗಿ, "ಆ ನೀಲಿ ಥಾನು ತೆಗೀರಿ, ಮೋಹನಂಗೆ ಒಂದು ಪ್ಯಾಂಟ್ ಪೀಸ್ ಕೊಡಿ" ಎಂದೆ.

"ಅದಾ? ಅದು ಬೇಡಮ್ಮ. ಒಗೆದ್ರೆ ಬಣ್ಣ ಬಿಡುತ್ತೆ."

"ಹಂಗಾರೆ ಅದರ ಪಕ್ಕದ್ದು."

"ಅದು ಹಾಕ್ಕೊಂಡ್ರೆ ಸೆಕೆ."

"ಆ ಬೂದಿ ಬಣ್ಣದ್ದು?"

"ಅದು ಯಾರ್ದೋ ಮದುವೆಗೆ ಅಂತ ಎತ್ತಿಡ್ಸಿದಾರೆ. ಟೀ ಕುಡೀತೀಯಾ?"

ಬೇಡಿಕೆ ಇತ್ತು. ಪೂರೈಕೆ ಕಣ್ಣೆದುರಿಗೆ ಮಾಡಿನವರೆಗೆ ಪೇರಿಸಿತ್ತು. ಆದರೂ ವ್ಯಾಪಾರ ನಡೆಯುತ್ತಿರಲಿಲ್ಲ. ನಾನು ಕಪ್ಪುಹಲಗೆಯ ಮೇಲೆ ಬರೆಯುವ ಯಾವ ರೇಖಾಚಿತ್ರದಲ್ಲೂ ಇಂಥ ಗೆರೆ ಇಲ್ಲ. ಸೇಟು ನನ್ನ ಹತ್ತಿರ ದುಡ್ಡು ತೆಗೆದುಕೊಳ್ಳಲು ನಾಚಿಕೊಳ್ಳುತ್ತಿದ್ದಾರೆ ಎಂದು ನಾನೇ ಅರ್ಥ ಮಾಡಿಕೊಂಡೆ. ಪುಟ್ಟ ಸ್ಟೂಲು ಹತ್ತಿ, "ನೀವು ಕೂತ್ಕೊಳ್ಳಿ ಸೇಟು, ನಾನೇ ತೆಗೀತೀನಿ" ಎಂದು ನೀಲಿ ಥಾನಿನ ಅಂಚು ಹಿಡಿದೆ. "ಬೇಡ ಬೇಡ ಬೇಡ" ಎಂದು ಸೇಟು ಗಾದಿಯಿಂದ ಎದ್ದರು. ಥಾನು ಬಿಗಿಯಾಗಿ ಕೂತಿತ್ತು. ಜೋರಾಗಿ ಎಳೆದೆ. ಮೊದಲು ಒಂದು ಮೊಳೆ ಕಿತ್ತ ಸದ್ದಾಯಿತು. ಆಮೇಲೆ ಮೇಲಿನ ಹಲಗೆ ನನ್ನ ಕಡೆ ಬಾಗಿತು. ಆಮೇಲೆ ಸೂಟಿಂಗಿನ ಸಾಲುಗಳು ಒಟ್ಟಿಗೆ ಕೆಳಗೆ ಬಂದವು.

ನಾನು ತಲೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಒಂದು ಥಾನಿನ ಭಾರ ನನಗೆ ಗೊತ್ತು. ಚಿಕ್ಕವಳಿದ್ದಾಗ ಎತ್ತಲು ಹೋಗಿ ಮಗುಚಿ ಬಿದ್ದವಳು. ಏಟಿಗೆ ಕಾದೆ. ಹೆಗಲ ಮೇಲೆ, ಬೆನ್ನ ಮೇಲೆ, ನೆತ್ತಿಯ ಮೇಲೆ ಅವು ಬಿದ್ದವು. ಯಾವುದೂ ನೋಯಲಿಲ್ಲ. ತಲೆದಿಂಬು ಬಿದ್ದಂತೆ ಬಿದ್ದು, ಪುಟಿದು, ನೆಲದ ಮೇಲೆ ಉರುಳಿಹೋದವು. ನನ್ನನ್ನು ನಡುಗಿಸಿದ್ದು ಅವುಗಳ ಹಗುರ.

ಕಣ್ಣು ಬಿಟ್ಟಾಗ ನೀಲಿ ಥಾನು ಕಾಲಬಳಿ ಬಿಚ್ಚಿಕೊಂಡಿತ್ತು. ಮೇಲೆ ಒಂದೇ ಒಂದು ಸುತ್ತು ಬಟ್ಟೆ. ಒಳಗೆ ಟಿವಿ ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲಿನ ಅಚ್ಚು, ಅಂಚಿಗೆ ಕತ್ತರಿಸಿ ದುಂಡಗೆ ಮಾಡಿದ್ದು. ಬೂದಿ ಬಣ್ಣದ್ದೂ ಹಾಗೇ. ಕಪ್ಪೂ ಹಾಗೇ. ಸಣ್ಣ ಬಿಳಿ ಕಾಳುಗಳು ಅಂಗಡಿಯ ತುಂಬ ತೇಲುತ್ತಿದ್ದವು. ಸೇಟು ಗಾದಿಯ ಅಂಚಿನಲ್ಲಿ ನಿಂತು ತಮ್ಮ ಎರಡೂ ಕೈ ನೋಡಿಕೊಳ್ಳುತ್ತಿದ್ದರು. ಹೊರಗೆ ಮಿಷನ್ನು ನಿಂತಿತ್ತು.

ಅಪ್ಪ ಬಾಗಿಲ ಚೌಕಟ್ಟು ಸವರಿಕೊಂಡು ಒಳಗೆ ಬಂದರು. "ಏನಾಯ್ತು? ಏಟು ಬಿತ್ತಾ?"

"ಇಲ್ಲಪ್ಪ."

"ಬೀಳಲ್ಲ ಬುಡು. ಅದ್ರಲ್ಲೇನಿದೆ ಏಟು ಬೀಳೋಕೆ."

ಸೇಟು ತಲೆಯೆತ್ತಿದರು. "ಮಾಸ್ಟ್ರೇ, ನಿಮಗೆ ಗೊತ್ತಿತ್ತಾ?"

"ದಿನಾ ಬೆಳಿಗ್ಗೆ ಜಗಲಿ ಗುಡಿಸೋನು ನಾನು. ಕಣ್ಣು ಕಾಣಲ್ಲ ಸರಿ, ಕಾಲಿಗೆ ಅಂಟೋದು ಗೊತ್ತಾಗಲ್ವಾ? ಸೂಟಿಂಗ್ ಕತ್ತರಿಸಿದ್ರೆ ಥರ್ಮಾಕೋಲ್ ಉದುರುತ್ತಾ ಸೇಟು?"

ಸೇಟು ಅಳುತ್ತಾರೆಂದು ನಾನು ಹೆದರಿದೆ. ಅವರಿಗೆ ಬಂದದ್ದು ಸಿಟ್ಟು. "ಓಹೋ! ನಿಮ್ದೇನು ಕಮ್ಮೀನಾ? ದಾರ ಹಾಕ್ದೆ ಮಿಷನ್ ತುಳಿದ್ರೆ ಸದ್ದೇ ಬೇರೆ ಬರುತ್ತೆ. ಹುಟ್ಟಿದಾಗ್ಲಿಂದ ಕೇಳ್ತಿದೀನಿ, ನಂಗೇನು ಕಿವಿ ಇಲ್ವಾ? ಅರ್ಜೆಂಟ್ ಕೆಲ್ಸವಂತೆ! ಆ ಕಂದು ಸಫಾರಿ ಯಾರ್ದು ಹೇಳಿ. ಅದರ ಗಿರಾಕಿ ಸತ್ತು ತಿಥಿ ಊಟಾನೂ ಆಯ್ತು. ವಾರ ವಾರ ಇಸ್ತ್ರಿ ಮಾಡಿ ನೇತಾಕ್ತೀರ!"

ನಾನು ಜಗಲಿಯ ಕಡೆ ನೋಡಿದೆ. ಮಿಷನ್ನಿನ ಮೇಲಿನ ಕಡ್ಡಿಯಲ್ಲಿ ದಾರದ ಉಂಡೆ ಇರಲಿಲ್ಲ. ಸೂಜಿಯ ಕೆಳಗಿದ್ದದ್ದು ಒಂದು ಹಳೆಯ ಚಿಂದಿ, ತುಂಬ ತೂತುಗಳು. ಸಮುದಾಯ ಒಂದು, ಸ್ಥಿತಿ ಎಂದು ಮನಸ್ಸಿನಲ್ಲೇ ಬರೆಯಲು ಹೋಗಿ ಅಲ್ಲಿಗೇ ಬಿಟ್ಟೆ.

ಆಮೇಲೆ ನಡೆದದ್ದನ್ನು ನಾನು ಕೆಳಗೆ ಬಿದ್ದ ಬಟ್ಟೆಗಳ ನಡುವೆ ನಿಂತೇ ಕೇಳಿದೆ. ಇಬ್ಬರು ಮುದುಕರು ಜಗಳಕ್ಕೆ ನಿಂತಿದ್ದರು, ಮತ್ತು ಅದು ನಾನು ಚಿಕ್ಕಂದಿನಿಂದ ಕೇಳಿದ ಹೋಲಿಕೆಯ ತಲೆಕೆಳಗಾದ ರೂಪವಾಗಿತ್ತು. ನನಗಿಂತ ನೀವು ಸುಖವಾಗಿದ್ದೀರಿ ಎಂದು ಅಮ್ಮಂದಿರು ಸಾಧಿಸಿದ್ದರೆ, ನಿಮಗಿಂತ ನಾನೇ ಮುಳುಗಿದ್ದೇನೆ ಎಂದು ಇವರು ಪಟ್ಟು ಹಿಡಿದಿದ್ದರು. ಬೋಣಿಯಾಗದ ದಿನಗಳನ್ನು ಸೇಟು ಮುಂದಿಟ್ಟರೆ, ಕಾಜಾ ಹಾಕಲು ಕೂಡ ಯಾರೂ ಬರದ ಹಬ್ಬವನ್ನು ಅಪ್ಪ ಮುಂದಿಟ್ಟರು. ಸೋಲಲು ಇಬ್ಬರೂ ತಯಾರಿರಲಿಲ್ಲ.

ನಾನು ಕೂಗಿಬಿಟ್ಟೆ. "ಹಂಗಾರೆ ಯಾಕಾದ್ರೂ ದಿನಾ ಬಂದು ಕೂರ್ತಿದ್ರಿ?"

ಅಪ್ಪ ಸೇಟು ಕಡೆ ಕೈ ಮಾಡಿದರು. "ಇವ್ರು ಬರ್ತಿದ್ರಲ್ಲ."

ಸೇಟು ಅಪ್ಪನ ಕಡೆ ಕೈ ಮಾಡಿದರು. "ಇವ್ರು ಬರ್ತಿದ್ರಲ್ಲ."

ಬೆರಳಿನ ಮಾತು ಮುಂದಿಟ್ಟು ಇವತ್ತೇ ಏಳಬೇಕು ಎಂದು ನಾನು ಹಟ ಹಿಡಿದೆ. ತಕರಾರು ಬಂದದ್ದು ಯಾರು ಮೊದಲು ಎಂಬಲ್ಲಿ. ಅಪ್ಪ ಮೊದಲು ಎದ್ದರೆ ಸೇಟು ಅಂಗಡಿ ಬಿತ್ತು ಎಂದು ಊರವರು ಅನ್ನುತ್ತಾರೆ. ಸೇಟು ಮೊದಲು ಮುಚ್ಚಿದರೆ ಮಾಸ್ಟರನ್ನು ಬೀದಿಗೆ ಹಾಕಿದರು ಎನ್ನುತ್ತಾರೆ. ಬಹಳ ಹೊತ್ತು ವಿಚಾರ ಮಾಡಿ, ಇಬ್ಬರೂ ಒಂದೇ ಸಂಜೆ ಎಂದು ತೀರ್ಮಾನವಾಯಿತು. ನನ್ನ ಹಟವೂ ಸ್ವಲ್ಪ ಸಡಿಲಿತು. ಉಳಿದ ಪಂಚೆ, ಯೂನಿಫಾರಂ ಮಾರಿ ಮುಗಿಸುವವರೆಗೆ ತಡೆಯುವುದು, ಅಲ್ಲಿಯವರೆಗೆ ಅಪ್ಪ ಜಗಲಿಯ ಮೇಲೆ ಕೂರಬಹುದು, ಮಿಷನ್ನು ಮುಟ್ಟುವಂತಿಲ್ಲ. ಬಿದ್ದ ಥಾನುಗಳನ್ನು ಏನು ಮಾಡುವುದೆಂದು ಕೇಳಿದೆ. ಅಪ್ಪ ಆಗಲೇ ನೆಲದಲ್ಲಿ ಕೂತು, ಒಂದನ್ನು ಮಡಿಲಿಗೆ ಎಳೆದುಕೊಂಡು, ಬಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದರು. "ಸುತ್ತಿರೋದು ಸರಿಯಿಲ್ಲ ಸೇಟು. ಅಂಚು ಮೇಲೆ ಬರ್ಬೇಕು. ಮುಚ್ಚೋ ತನಕ ನೋಡೋಕೆ ಚೆನ್ನಾಗಿರ್ಬೇಕಲ್ಲ." ಕತ್ತಲಾಗುವವರೆಗೆ ನಾವು ಮೂವರೂ ಥರ್ಮಾಕೋಲಿಗೆ ಸೂಟು ಸುತ್ತಿದೆವು.

ಕೊನೆಯ ಸಂಜೆ ಮೋಹನ ರಜೆ ಹಾಕಿ ಬಂದಿದ್ದ. ಮಿಷನ್ನು ಇಳಿಸುವ ಮೊದಲು ಅಪ್ಪ, "ಒಂದ್ನಿಮಿಷ" ಎಂದು ಸ್ಟೂಲು ಎಳೆದುಕೊಂಡರು. ಮೋಹನ ಬೇಡ ಎನ್ನುವಷ್ಟರಲ್ಲಿ ಸೇಟು ಅವನ ಭುಜ ಹಿಡಿದು ಸುಮ್ಮನಿರಿಸಿದರು. ಸೇಟುವೇ ನೀಲಿ ದಾರದ ಉಂಡೆ ತಂದು, ಬಗ್ಗಿ, ನಾಲಗೆಗೆ ತಾಗಿಸಿ, ಹಲವು ಸಲ ತಪ್ಪಿ, ಕೊನೆಗೆ ಸೂಜಿಗೆ ಪೋಣಿಸಿದರು. ನೀಲಿ ಥಾನಿನಿಂದ ಅಂಗೈಯಗಲದ ಎರಡು ತುಂಡು ಬಟ್ಟೆ, ಒಳಗೆ ತುಂಬಲು ಒಂದು ಚೂರು ಥರ್ಮಾಕೋಲು ಕತ್ತರಿಸಿ ಕೊಟ್ಟರು. ಅಪ್ಪ ಬೆರಳನ್ನು ಸೂಜಿಯಿಂದ ದೂರ ಇಟ್ಟು, ಮುಖವನ್ನು ಬಟ್ಟೆಯ ಹತ್ತಿರ ತಂದು, ನಿಧಾನವಾಗಿ ತುಳಿದರು. ಸದ್ದು ಬೇರೆಯಾಗಿತ್ತು. ಸ್ವಲ್ಪ ಮಂದ, ಸ್ವಲ್ಪ ತುಂಬಿದಂತೆ. ಸೇಟು ನನ್ನ ಕಡೆ ತಿರುಗಿ, "ದಾರ ಇದೆ" ಎಂದರು.

ಆಮೇಲೆ ಎಡತುದಿಗೆ ಅಪ್ಪ, ಬಲತುದಿಗೆ ಸೇಟು. ಷಟರು ಇಳಿಯಿತು. ಎದುರಿನ ಬೇಕರಿಯವನು ಪಕ್ಕದವನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ನೋಡ್ದಾ, ಇಬ್ರೂ ಚೆನ್ನಾಗಿ ಮಾಡ್ಕೊಂಡು ಈಗ ಆರಾಮಾಗಿ ಮನೇಲಿರ್ತಾರೆ. ಹೊರಗಿಂದ ಬಂದೋರ್ಗೇ ಕಣ್ಲಾ ಕಾಲ."

ಮುಂದಿನ ವಾರ ಮಕ್ಕಳ ಮುಂದೆ ನಿಂತು, ಎರಡೂ ಸಮುದಾಯಗಳ ಆರ್ಥಿಕ ಸ್ಥಿತಿ ಸಮಾಧಾನಕರವಾಗಿದೆ, ಎರಡಕ್ಕೂ ಪರಸ್ಪರ ಸಹಕಾರವೇ ಕಾರಣ ಎಂದು ಹೇಳಿದೆ. ಪ್ರಾಂಶುಪಾಲರು ಚಪ್ಪಾಳೆ ತಟ್ಟಿ, "ತುಂಬ ತೂಕವಾಗಿತ್ತು ಮೇಡಂ" ಎಂದರು.

ಅಪ್ಪನ ಬೆರಳು ಈಗ ಮಾಗಿದೆ. ಬೆಳಿಗ್ಗೆ ಮೋಹನ ಅವರನ್ನು ಆ ಜಗಲಿಯವರೆಗೆ ಬಿಟ್ಟು ಕೆಲಸಕ್ಕೆ ಹೋಗುತ್ತಾನೆ. ಮೇಲಿನಿಂದ ಸೇಟು ಇಳಿದು ಬರುತ್ತಾರೆ. ಮುಚ್ಚಿದ ಷಟರಿಗೆ ಬೆನ್ನು ಕೊಟ್ಟು ಇಬ್ಬರೂ ಮಧ್ಯಾಹ್ನದವರೆಗೆ ಕೂರುತ್ತಾರೆ.

ಇನ್ನು ಸುಜಾತ ಅವರ ಪ್ರಶ್ನೆ. ಪಾಂಡು ಮಾಸ್ಟರ ಹೊಲಿಗೆ ಗೆರೆ ಎಳೆದಷ್ಟು ನೇರ ಎಂದು ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಹೆಸರಿದೆ. ನಾನು ಮೆತ್ತೆಯನ್ನು ಅವರ ಕೈಯಿಂದ ತೆಗೆದುಕೊಂಡು, ಸೊಟ್ಟ ಹೊಲಿಗೆ ಕೆಳಗೆ ಬರುವಂತೆ ಮೇಜಿನ ಮೇಲಿಟ್ಟು, "ನಾನೇ ಹೊಲಿದಿದ್ದು" ಎಂದೆ.

"ಹಂಗನ್ನಿ ಮತ್ತೆ" ಎಂದು ಸುಜಾತ ನಕ್ಕರು. "ನಿಮ್ಮಪ್ಪ ನೋಡಿದ್ರೆ ಏನಂತಾರೋ!"